ಮೊಹರು ಹಾಕಿದ ಮಾದರಿ

ಸೇನಾ ಅಂಚೆ
೬ ಮೇ ೧೯೭೪

ಅಕ್ಕಾ,

ಬದುಕಿದ್ದೇನೆ, ಹೊಟ್ಟೆ ತುಂಬ ಉಣ್ಣುತ್ತಿದ್ದೇನೆ. ಅವ್ವನಿಗೆ ಇಷ್ಟು ಓದಿ ಹೇಳಿದರೆ ಸಾಕು. ಮುಂದಿನದು ನಿನಗೆ ಮಾತ್ರ.

ಇರುವ ಜಾಗದ ಹೆಸರು ಬರೆಯುವಂತಿಲ್ಲ. ಎತ್ತರ, ಹಿಮ, ಕೆಳಗಿಳಿಯಲು ಒಂದೇ ಒಂದು ಕಣಿವೆ ದಾರಿ, ಆಸ್ಪತ್ರೆ ಎಂದು ಹೇಳಿಕೊಳ್ಳುವ ಎರಡು ತಗಡಿನ ಷೆಡ್ಡು. ನರ್ಸಿಂಗ್ ಸಹಾಯಕ ಅಂದರೆ ಏನು ಕೆಲಸ ಅಂತ ಕುರುಬರಹಳ್ಳಿ ಚಿಕ್ಕಮ್ಮ ಕೇಳಿದ್ದಳಂತಲ್ಲ, ಡಾಕ್ಟರು ಮಾಡದೆ ಬಿಟ್ಟ ಕೆಲಸವೆಲ್ಲ ಅಂತ ಹೇಳು.

ವಿಷಯ ಇದು. ಕಳೆದ ಜನವರಿಯಲ್ಲಿ ಹನುಮಯ್ಯ ಎಂಬ ಸಿಪಾಯಿಯನ್ನು ಮೇಲಿನ ಠಾಣೆಯಿಂದ ಹೊತ್ತುಕೊಂಡು ಬಂದರು. ಕುಣಿಗಲ್ ಕಡೆಯವನು. ಎತ್ತರಕ್ಕೆ ಎದೆಯಲ್ಲಿ ನೀರು ತುಂಬಿ ಉಸಿರು ಸಿಕ್ಕುತ್ತಿರಲಿಲ್ಲ, ಮೈ ಮರಗಟ್ಟಿತ್ತು. ಆಕ್ಸಿಜನ್ ಕೊಟ್ಟೆವು. ಆಕ್ಸಿಜನ್ ಇರುವ ಕಡೆ ಒಲೆ ಇಡುವಂತಿಲ್ಲ, ಷೆಡ್ಡೇ ಹತ್ತಿಕೊಳ್ಳುತ್ತದೆ. ಅಂಥವರನ್ನು ಬೆಚ್ಚಗಿಡಲು ರಬ್ಬರಿನ ಬಿಸಿನೀರಿನ ಚೀಲವೊಂದೇ ಗತಿ. ಅವನ ಪಕ್ಕ ಇಟ್ಟ ಚೀಲ ಕುತ್ತಿಗೆಯ ಹತ್ತಿರ ಸೀಳಿಕೊಂಡು ನೀರೆಲ್ಲ ತೊಡೆಯ ಮೇಲೆ ಸುರಿಯಿತು. ಕೂಗಲು ಅವನಿಗೆ ಉಸಿರಿರಲಿಲ್ಲ, ಹಾಗಾಗಿ ನಮಗೆ ಗೊತ್ತಾಗಿದ್ದೂ ತಡವಾಗಿ. ಇನ್ನೊಂದು ತಂದೆವು, ಅದೂ ಸೀಳಿತು. ಹೊಸ ಚೀಲಗಳೆಲ್ಲ ಹೀಗೆಯೇ. ಮಡಚಿದರೆ ಸಾಕು, ಪಟ್ ಅನ್ನುತ್ತವೆ.

ಪೆಟ್ಟಿಗೆಯ ಮೇಲೆ ಬೆಂಗಳೂರು ಎಂದಿದೆ. ನಿನ್ನ ಆಫೀಸಿನ ಮುದ್ರೆ. ಸೈನ್ಯಕ್ಕೆ ಸಾಮಾನು ಕೊಳ್ಳುವ ದೊಡ್ಡ ಕುರ್ಚಿಯಲ್ಲಿ ಕೂತವಳೇ, ನೀನು ಆರಿಸಿ ಕಳಿಸಿದ ಚೀಲವಾ ಇದು? ಅಕ್ಟೋಬರಿನಲ್ಲಿ ಹಿಮ ಬಿದ್ದು ಕಣಿವೆ ಮುಚ್ಚುತ್ತದೆ. ಅಷ್ಟರೊಳಗೆ ನಮಗೆ ಒಳ್ಳೆಯ ಚೀಲ ಬೇಕು. ಹನುಮಯ್ಯ ಗುಣವಾಗಿ ಇಲ್ಲೇ ಉಳಿದಿದ್ದಾನೆ, ಸ್ಟೋರಿನ ಕೆಲಸಕ್ಕೆ. ಈ ಚಳಿಗಾಲ ಮತ್ತೆ ಅವನ ಎದೆ ಕೈಕೊಟ್ಟರೆ ಏನು ಮಾಡುವುದು ಅಂತ ನನಗೆ ಹೆದರಿಕೆಯಾಗುತ್ತದೆ.

ಬಸವಲಿಂಗ


ರಾಜಾಜಿನಗರ
೪ ಜೂನ್ ೧೯೭೪

ಬಸು,

ರೈಲು ಮುಷ್ಕರದಲ್ಲಿ ಎಲ್ಲೆಲ್ಲೋ ಬಿದ್ದಿದ್ದ ನಿನ್ನ ಕಾಗದ ಮೊನ್ನೆ ಬಂತು. ಅವ್ವನಿಗೆ ಮೊದಲೆರಡು ಸಾಲು ಓದಿದೆ. "ಅಷ್ಟೇನಾ ಬರ್ದಿರೋದು? ಕಾಗದ ಅಷ್ಟುದ್ದ ಐತಲ್ಲೇ" ಎಂದು ನನ್ನ ಮುಖ ನೋಡಿದಳು. ಉಳಿದದ್ದು ಆಫೀಸಿನ ವಿಷಯ ಅಂದೆ. ಸುಳ್ಳೇನಲ್ಲ.

ಹನುಮಯ್ಯನ ತೊಡೆಯ ವಿಷಯ ಓದಿ ನನಗೆ ಊಟ ಸೇರಲಿಲ್ಲ. ಹೌದು ಮಾರಾಯ, ಅದು ನಾನು ಕೊಂಡ ಚೀಲವೇ. ಕಡತದಲ್ಲಿ ನನ್ನ ರುಜು ಇದೆ. ಆದರೆ ಆರಿಸಿದ್ದು ನಾನಲ್ಲ. ಯಾರೂ ಆರಿಸುವುದಿಲ್ಲ, ಅದೇ ನಮ್ಮ ಪದ್ಧತಿಯ ಹೆಚ್ಚುಗಾರಿಕೆ. ಬೀರುವಿನಲ್ಲಿ ಒಂದು ಮಾದರಿ ಇರುತ್ತದೆ, ಅದಕ್ಕೆ ಅರಗಿನ ಮೊಹರು ಹಾಕಿರುತ್ತಾರೆ. ಟೆಂಡರಿನಲ್ಲಿ ಯಾರು ಕಡಿಮೆ ಹೇಳುತ್ತಾರೋ ಅವರು ಆ ಮಾದರಿಯಂತೆ ಮಾಡಿ ತರಬೇಕು. ತಪಾಸಣೆಯವರು ಒಂದು ಕೈಯಲ್ಲಿ ಮಾದರಿ, ಇನ್ನೊಂದರಲ್ಲಿ ಹೊಸದು ಹಿಡಿದು ಅದುಮಿ ನೋಡುತ್ತಾರೆ. ಎರಡೂ ಒಂದೇ ಥರ ಇದ್ದರೆ ಪಾಸು.

ಈ ಏಪ್ರಿಲ್‌ನಲ್ಲಿ ನನ್ನನ್ನು ತರಬೇತಿಗೆ ಕಳಿಸಿದ್ದರಲ್ಲ, ಕೊಳ್ಳುವುದೂ ಒಂದು ವಿದ್ಯೆ ಎಂದು ಕಲಿಸುವ ತರಬೇತಿ, ಅಲ್ಲಿ ಒಬ್ಬ ಮೇಷ್ಟ್ರು ಹೇಳಿದ್ದರು, ರಬ್ಬರು ಸುಮ್ಮನೆ ಕೂತಿದ್ದರೂ ಮುದಿಯಾಗುತ್ತದೆ ಅಂತ. ನಿನ್ನ ಕಾಗದ ಓದಿದ ಮೇಲೆ ಅದು ತಲೆಗೆ ಹೊಳೆಯಿತು. ನಿನ್ನೆ ಬೆಳಿಗ್ಗೆ ಹೋಗಿ ಬೀರು ತೆಗೆಸಿದೆ. ಮಾದರಿಗೆ ಮೊಹರು ಹಾಕಿದ್ದು ೧೯೬೧ರಲ್ಲಿ. ಅದುಮಿದೆ. ಅವ್ವನ ಕಟಕ ರೊಟ್ಟಿ ಕಣೋ. ಮೊಹರು ಹಾಕಿದ ಹೊಸತರಲ್ಲಿ ಮೆತ್ತಗೆ ಇದ್ದಿರಬೇಕು. ಬೀರುವಿನಲ್ಲಿ ಕೂತು ಕೂತು ಬಿರುಸಾಗಿದೆ. ನಾವು ಆ ಬಿರುಸಿಗೆ ಸರಿಹೊಂದುವ ಚೀಲವನ್ನೇ ವರ್ಷ ವರ್ಷ ಆರಿಸಿ ನಿಮಗೆ ಕಳಿಸುತ್ತಿದ್ದೇವೆ.

ನಂಬಿಕೆಯಾಗದೆ ಸಂಜೆ ಇಂಡಸ್ಟ್ರಿಯಲ್ ಟೌನಿಗೆ ಹೋಗಿ, ಚೀಲ ಮಾಡಿಕೊಡುವ ಉಗ್ರಪ್ಪನನ್ನೇ ಕೇಳಿದೆ. ಲಗ್ಗೆರೆಯ ಹತ್ತಾರು ಜನ ಅವನ ಕೈಕೆಳಗೆ ದುಡಿಯುತ್ತಾರೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತಲ್ಲಿಂದ ಏಳದೆ ನಕ್ಕ.

"ಅಮ್ಮಾವ್ರೇ, ಮೊದಲ್ನೇ ಸಲ ಮೆತ್ತಗೇ ಮಾಡಿದ್ದೆ. ನಿಮ್ಮೋರು ಮಾದರಿ ಥರ ಇಲ್ಲ ಅಂತ ಪೂರಾ ವಾಪಸ್ ಕಳಿಸಿದ್ರು. ಆಮೇಲೆ ಚಾಕ್ ಪುಡಿ ಜಾಸ್ತಿ ಹಾಕ್ದೆ, ಇನ್ನಷ್ಟು ಹೊತ್ತು ಬೇಯಿಸ್ದೆ. ಕಣ್ಮುಚ್ಕೊಂಡು ಪಾಸ್ ಮಾಡಿದ್ರು."

"ಒಡೆದು ಹೋಗುತ್ತೆ ಅಂತ ಗೊತ್ತಿತ್ತಾ ನಿಮಗೆ?"

"ಗೊತ್ತಿಲ್ದೆ ಏನು? ನೀವು ಕೇಳ್ಲಿಲ್ಲ, ನಾನು ಹೇಳ್ಲಿಲ್ಲ. ರಬ್ಬರ್‌ಗಿಂತ ಚಾಕ್ ಪುಡೀನೇ ಅಗ್ಗ."

ಉಂಡೂ ಹೋದ ಕೊಂಡೂ ಹೋದ ಅಂದರೆ ಇವನೇ. ಆದರೆ ಅವನ ಮೇಲೆ ಸಿಟ್ಟು ಮಾಡಿ ಏನು ಪ್ರಯೋಜನ, ಕೇಳಿದ್ದನ್ನು ಕೊಟ್ಟಿದ್ದಾನೆ. ಇವತ್ತು ನಮ್ಮ ಸೂಪರಿಂಟೆಂಡೆಂಟ್ ಸೋಮಲಿಂಗಪ್ಪನವರ ಮೇಜಿಗೆ ಟಿಪ್ಪಣಿ ಇಟ್ಟಿದ್ದೇನೆ. ಹಳೆಯ ಮಾದರಿ ತೆಗೆದು ಹೊಸದು ಇಡಬೇಕು, ಅಷ್ಟೇ. ತಿಂಗಳೊಳಗೆ ಆಗುವ ಕೆಲಸ. ಹನುಮಯ್ಯನಿಗೆ ಹೇಳು.

ಅಕ್ಕ


ಸೇನಾ ಅಂಚೆ
೨೫ ಜೂನ್ ೧೯೭೪

ಅಕ್ಕಾ,

ನಿನ್ನ ಕಟಕ ರೊಟ್ಟಿಯನ್ನು ಇಡೀ ವಾರ್ಡಿಗೆ ಹಿಂದಿಯಲ್ಲಿ ಹೇಳಿದೆ. ನಕ್ಕು ನಕ್ಕು ಒಬ್ಬನಿಗೆ ಕೆಮ್ಮು ಹತ್ತಿತು. ಡಾಕ್ಟರು ಮಾತ್ರ ನಗಲಿಲ್ಲ. "ನಿಮ್ಮಕ್ಕನಿಗೆ ಹೇಳು, ನನಗೆ ಖಚಿತವಾದ ಸುದ್ದಿ ಬೇಕು" ಎಂದರು.

ಯಾಕೆ ಅಂದರೆ, ಕಣಿವೆ ಮುಚ್ಚಿದ ಮೇಲೆ ಇಲ್ಲಿಗೆ ಸಾಮಾನು ಬರುತ್ತದೆ, ಮನುಷ್ಯರು ಹೋಗಲಾಗುವುದಿಲ್ಲ. ವಿಮಾನ ಮೇಲಿನಿಂದ ಛತ್ರಿ ಕಟ್ಟಿ ಪೆಟ್ಟಿಗೆಗಳನ್ನು ಉದುರಿಸುತ್ತದೆ, ಯಾರನ್ನೂ ಎತ್ತಿಕೊಂಡು ಹೋಗುವುದಿಲ್ಲ. ಹಾಗಾಗಿ ಹನುಮಯ್ಯನಂಥ, ಎದೆ ಪೂರ್ತಿ ಗಟ್ಟಿಯಿಲ್ಲದವರನ್ನು ಕೊನೆಯ ಲಾರಿಗಳಲ್ಲಿ ಕೆಳಗಿಳಿಸುವುದೋ, ಇಲ್ಲೇ ಇಟ್ಟುಕೊಳ್ಳುವುದೋ ಎಂದು ಡಾಕ್ಟರು ಅಕ್ಟೋಬರಿನಲ್ಲಿ ತೀರ್ಮಾನಿಸಬೇಕು. ಆಳು ಕಡಿಮೆ, ಸುಮ್ಮನೆ ಇಳಿಸಿದರೆ ಮೇಲಿನವರು ಬಯ್ಯುತ್ತಾರೆ. ಒಳ್ಳೆಯ ಚೀಲ ಚಳಿಗಾಲದ ಸರಕಿನಲ್ಲಿ ಬರುವುದು ಖಾತ್ರಿಯಾದರೆ ಇಟ್ಟುಕೊಳ್ಳುತ್ತಾರೆ. ಇಲ್ಲದಿದ್ದರೆ ಬಯ್ಗುಳ ತಿಂದಾದರೂ ಇಳಿಸುತ್ತಾರಂತೆ.

ಹನುಮಯ್ಯ ನಿನ್ನನ್ನು ಅಕ್ಕಯ್ಯ ಅನ್ನಲು ಶುರುಮಾಡಿದ್ದಾನೆ. ನಾನು ಬೇಡ ಅಂದಿಲ್ಲ.

ಬಸು


ರಾಜಾಜಿನಗರ
೧೭ ಜುಲೈ ೧೯೭೪

ಬಸು,

ಟಿಪ್ಪಣಿ ವಾಪಸು ಬಂದಿದೆ. ಬಯ್ದೇನೂ ಬರೆದಿಲ್ಲ, ಬಹಳ ಮರ್ಯಾದೆಯಾಗಿಯೇ ಬರೆದಿದ್ದಾರೆ. ಮಾದರಿಯನ್ನು ಬದಲಾಯಿಸಬೇಕಾದರೆ ಬಳಸುವವರಿಂದ ದೂರು ಬರಬೇಕಂತೆ. ಬಂದಿಲ್ಲವಾದ್ದರಿಂದ ಬಳಸುವವರು ಸಂತೋಷವಾಗಿದ್ದಾರೆಂದು ತಿಳಿಯಬೇಕಂತೆ. ನನ್ನ ತಮ್ಮನೇ ಬರೆದಿದ್ದಾನೆ ಅಂತ ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ಹೇಳಿದರೆ ಅದು ಬೇರೆ ಕಥೆಯಾಗುತ್ತದೆ, ಮನೆ ಕಾಗದವನ್ನು ಆಫೀಸಿಗೆ ತಂದಳು ಅಂತ.

ಸೋಮಲಿಂಗಪ್ಪನವರು ಒಳ್ಳೆಯವರೇ. ಸೆಪ್ಟೆಂಬರಿಗೆ ನಿವೃತ್ತಿ, ಕೆಂಗೇರಿ ಉಪನಗರದಲ್ಲಿ ಸೈಟು ಸಿಕ್ಕಿದೆ, ಅರ್ಧ ಮನಸ್ಸು ಅಲ್ಲಿನ ಪಾಯದಲ್ಲಿದೆ. "ದೂರು ತರ್ಸಮ್ಮ ಜಗದಾಂಬಾ, ಉಳಿದಿದ್ದು ನಾನು ನೋಡ್ಕೋತೀನಿ" ಎಂದರು. ಹಾಗಾಗಿ ನಿಮ್ಮ ಕಡೆಯಿಂದ ಒಂದು ದೂರು ಬರೆಸು. ಚೀಲ ಒಡೆಯುತ್ತದೆ, ರೋಗಿ ಸುಟ್ಟುಕೊಂಡ ಎಂದು ಇದ್ದದ್ದನ್ನು ಇದ್ದಂತೆ ಬರೆದರೆ ಸಾಕು.

ಇಲ್ಲಿ ಬೇರೇನೂ ವಿಶೇಷವಿಲ್ಲ. ನನ್ನ ಮೇಜನ್ನು ಕಿಟಕಿಯ ಪಕ್ಕಕ್ಕೆ ಹಾಕಿದ್ದಾರೆ, ಗಾಳಿ ಬೆಳಕು ಚೆನ್ನಾಗಿದೆ. ಅವ್ವನಿಗೆ ಮಂಡಿನೋವು ಹೆಚ್ಚು. ಸೀಮೆಎಣ್ಣೆ ಕ್ಯೂನಲ್ಲಿ ನಿಲ್ಲಬೇಡ ಅಂದರೂ ಕೇಳುವುದಿಲ್ಲ, ಅಲ್ಲಿ ಅವಳಿಗೆ ಮಾತಾಡಲು ಜನ ಸಿಗುತ್ತಾರೆ.

ಅಕ್ಕ


ಸೇನಾ ಅಂಚೆ
೫ ಆಗಸ್ಟ್ ೧೯೭೪

ಅಕ್ಕಾ,

ಕಿಟಕಿಯ ಪಕ್ಕ ಅಂದರೆ ಬಡ್ತಿ ತಾನೇ? ನಿಮ್ಮ ಆಫೀಸಿನಲ್ಲಿ ದೊಡ್ಡವರೆಲ್ಲ ಕಿಟಕಿ ಪಕ್ಕ ಕೂರುತ್ತಾರೆ ಅಂತ ನೀನೇ ಹಿಂದೆ ಬರೆದಿದ್ದೆ. ತರಬೇತಿ ಮುಗಿಸಿ ಬಂದವಳಿಗೆ ಕೊಡದೆ ಇನ್ಯಾರಿಗೆ ಕೊಡುತ್ತಾರೆ. ಡಾಕ್ಟರಿಗೂ ಹೇಳಿದೆ, ನಮ್ಮಕ್ಕ ಈಗ ಮೇಲಿದ್ದಾಳೆ, ಕೆಲಸ ಆಗುತ್ತದೆ ಅಂತ. ಅವರಿಗೂ ಧೈರ್ಯ ಬಂದಂತಿತ್ತು.

ದೂರು ಬರೆದೆವು. ಕೆಳಗಿನ ಡಿಪೋದವರು ವಾಪಸು ಕಳಿಸಿದರು. ಮೊಹರಿನ ಮಾದರಿಗೆ ಸರಿಹೊಂದಿದ ಸಾಮಾನನ್ನು ಕೆಟ್ಟದ್ದು ಎನ್ನುವಂತಿಲ್ಲ. ಕೆಟ್ಟದ್ದಾಗಬೇಕಾದರೆ ಮಾದರಿಯಂತೆ ಇರಬಾರದು. ಇದು ಮಾದರಿಯಂತೆಯೇ ಇದೆ, ನೋಡಿದೆವು ಎಂದು ಬರೆದಿದ್ದಾರೆ. ನಿಜವಾಗಿ ನೋಡಿದ್ದಾರೆ ಅಕ್ಕ, ದೂರಿನ ಜೊತೆ ಕಳಿಸಿದ್ದ ಚೀಲದ ಮೇಲೆ ಅದುಮಿದ ಹೆಬ್ಬೆರಳಿನ ಗುರುತಿತ್ತು.

ಅಂದರೆ ದೂರಿಲ್ಲದೆ ಮಾದರಿ ಬದಲಾಗುವುದಿಲ್ಲ, ಮಾದರಿ ಬದಲಾಗದೆ ದೂರು ನಡೆಯುವುದಿಲ್ಲ. ಇದನ್ನು ಯಾರು ಕಟ್ಟಿದರೋ ಅವರಿಗೆ ಒಂದು ಸಲಾಮು.

ಇನ್ನೊಂದು ದಾರಿ ಇದೆ. ನಾನು ನೋಡಿಕೊಳ್ಳುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ. ಮೇಲಿರುವವಳು ನೀನು, ಕಾಗದ ಅಲ್ಲಿಗೆ ಬಂದಾಗ ಹಿಡಿದುಕೋ.

ಬಸು


ರಾಜಾಜಿನಗರ
೨೬ ಆಗಸ್ಟ್ ೧೯೭೪

ಬಸವಲಿಂಗ,

ನಿನ್ನ ಕಾಗದ ಬಂತು. ನಿನ್ನ ಇನ್ನೊಂದು ಕಾಗದವೂ ಬಂತು, ಆಫೀಸಿಗೆ.

ಸೋಮಲಿಂಗಪ್ಪನವರು ನನ್ನನ್ನು ಕರೆದು ಓದಿ ಅಂದರು. "ಚೀಲದಲ್ಲಿ ದೋಷವಿಲ್ಲ. ನಾನು ಅಳತೆ ಮೀರಿ ಕುದಿಯುವ ನೀರು ತುಂಬಿದ್ದರಿಂದಲೂ ಅಜಾಗರೂಕತೆಯಿಂದ ಮಡಚಿದ್ದರಿಂದಲೂ ಸೀಳಿ ರೋಗಿಗೆ ಸುಟ್ಟಿತು." ಕೆಳಗೆ ನಿನ್ನ ರುಜು. ಐದನೇ ಕ್ಲಾಸಿನಿಂದ ನಾನು ತಿದ್ದಿಸಿದ ರುಜು, ಗುರುತು ಸಿಗದೆ ಹೋಗುತ್ತದೆಯೇ.

"ನಿಮ್ಮ ತಮ್ಮನೇ ಅಲ್ವೇನಮ್ಮ ಇದು?" ಎಂದರು.

"ಹೌದು ಸಾರ್."

"ಹೀಗೆ ಬರ್ಕೊಟ್ಬಿಟ್ರೆ ಆಯ್ತಲ್ಲ, ಮಾದರಿ ಸರಿಯಾಗಿದೆ ಅಂತ ಅವರೇ ಹೇಳ್ದಂಗಾಯ್ತು. ನಾನಿನ್ನೇನ್ ಮಾಡ್ಲಿ?"

ನಿನ್ನ ಬುದ್ಧಿಗೆ ಏನು ಬಡಿದಿತ್ತು? ನಾಚಿಕೆಯಾಗಲಿಲ್ಲವೇ ನಿನಗೆ ಮಾಡದ ತಪ್ಪನ್ನು ಮಾಡಿದೆ ಅಂತ ಬರೆಯಲು? ನಾಳೆ ಹನುಮಯ್ಯನ ಹೆಂಡತಿ ಓದಿದರೆ ನಿನ್ನನ್ನು ಏನಂದುಕೊಳ್ಳುತ್ತಾಳೆ? ನಾನು ಇಲ್ಲಿ ಚೀಲದ ಮೇಲೆ ತಪ್ಪು ಹೊರಿಸಲು ಒದ್ದಾಡುತ್ತಿದ್ದರೆ ನೀನು ಅಲ್ಲಿ ಅದಕ್ಕೆ ಒಳ್ಳೆಯ ನಡತೆಯ ಸರ್ಟಿಫಿಕೇಟು ಕೊಟ್ಟು ಕೂತಿದ್ದೀಯ.

ಇಷ್ಟು ಬರೆದ ಮೇಲೆ ನನ್ನದೂ ಹೇಳುತ್ತೇನೆ. ಕಿಟಕಿ ಪಿಂಚಣಿ ವಿಭಾಗದ್ದು. ಖರೀದಿಯ ಕುರ್ಚಿಯಲ್ಲಿ ಮೂರು ವರ್ಷಕ್ಕಿಂತ ಹೆಚ್ಚು ಯಾರನ್ನೂ ಕೂರಿಸುವುದಿಲ್ಲ. ಹೆಚ್ಚು ಕೂತರೆ ವ್ಯಾಪಾರಿಗಳ ಜೊತೆ ಸಲಿಗೆ ಬೆಳೆಯುತ್ತದೆ ಅಂತ. ತರಬೇತಿಗೆ ಕಳಿಸುವುದು ಮೂರನೇ ವರ್ಷ, ಹಿರಿತನ ನೋಡಿ. ಹಾಗಾಗಿ ವಿದ್ಯೆ ಕಲಿತು ಬಂದೆ, ಕುರ್ಚಿ ಬಿಟ್ಟು ಎದ್ದೆ. ನನ್ನ ಜಾಗಕ್ಕೆ ಮರಿಯಪ್ಪ ಅಂತ, ವಾಹನ ವಿಭಾಗದಿಂದ ಬಂದಿದ್ದಾನೆ. ಒಳ್ಳೆಯ ಹುಡುಗ, ಕಷ್ಟಪಡುತ್ತಾನೆ, ಲಾರಿ ಟೈರಿಗೂ ಬಿಸಿನೀರಿನ ಚೀಲಕ್ಕೂ ರಬ್ಬರು ಒಂದೇ ಅಂದುಕೊಂಡಿದ್ದಾನೆ. ಅವನಿಗೂ ತರಬೇತಿ ಕೊಡುತ್ತಾರೆ, ಮೂರನೇ ವರ್ಷದಲ್ಲಿ.

ನಾನು ಈಗ ಸತ್ತವರ ಹೆಂಡಂದಿರಿಗೆ ಅರ್ಜಿ ತುಂಬಿಸುತ್ತೇನೆ. ಮೇಲಿರುವವಳು ಅಂತ ಡಾಕ್ಟರಿಗೆ ಹೇಳಿದ್ದೀಯಲ್ಲ, ಹೋಗಿ ಇದನ್ನೂ ಹೇಳು.

ಜಗದಾಂಬಾ


ಸೇನಾ ಅಂಚೆ
೧೦ ಸೆಪ್ಟೆಂಬರ್ ೧೯೭೪

ಅಕ್ಕಾ,

ಬೈಸಿಕೊಂಡು ಬಹಳ ದಿನವಾಗಿತ್ತು. ಓದುವಾಗ ಮನೆಯಲ್ಲಿ ಕೂತಂತೆ ಆಯಿತು, ಕೋಪವೂ ಬಂತು. ಕಿಟಕಿಯ ವಿಷಯ ನನಗೆ ಯಾಕೆ ಮುಚ್ಚಿಟ್ಟೆ? ನಾನು ನಿನ್ನ ಹೆಸರು ಹೇಳಿಕೊಂಡು ಇಲ್ಲಿ ಜನರಿಗೆ ಧೈರ್ಯ ಕೊಡುತ್ತಿದ್ದೇನೆ.

ಯಾಕೆ ಹಾಗೆ ಬರೆದೆ ಅಂದೆಯಲ್ಲ. ಚೀಲ ಸರಿಯಿಲ್ಲ ಅಂತ ಬರೆದರೆ ಕಾಗದ ಡಿಪೋದಿಂದಲೇ ತಿರುಗಿ ಬರುತ್ತದೆ. ಬಳಸಿದವನ ತಪ್ಪು ಅಂತ ಬರೆದರೆ ಮಾತ್ರ ಅದಕ್ಕೊಂದು ನಂಬರು ಬಿದ್ದು ಮುಂದಕ್ಕೆ ಹೋಗುತ್ತದೆ. ಮುಂದಕ್ಕೆ ಹೋದರೆ ನಿನ್ನ ಕೈಗೆ ಬರುತ್ತದೆ, ನೀನು ಉಳಿದದ್ದನ್ನು ಮಾಡುತ್ತೀಯ ಅಂದುಕೊಂಡೆ. ನೀನು ಆ ಕುರ್ಚಿಯಲ್ಲಿ ಇದ್ದೀಯ ಅಂತ ತಿಳಿದು ಬರೆದದ್ದು ಅದು. ಇಲ್ಲದಿದ್ದರೆ ಬರೆಯುತ್ತಿದ್ದೆನಾ?

ಹನುಮಯ್ಯನಿಗೆ ಮೊದಲೇ ಹೇಳಿ ಒಪ್ಪಿಗೆ ತೆಗೆದುಕೊಂಡೆ. "ಬರ್ಕೊಳಣ್ಣ, ಸುಟ್ಟಿದ್ದು ನನ್ ತೊಡೆ ತಾನೇ" ಅಂದ. ನನ್ನ ದಾಖಲೆಯಲ್ಲಿ ಕೆಂಪು ಶಾಯಿ ಬಿದ್ದಿದೆ. ಬಡ್ತಿ ಸದ್ಯಕ್ಕಿಲ್ಲ. ಅವ್ವನಿಗೆ ಹೇಳಬೇಡ.

ಈಗ ಅತ್ತ ದರಿ ಇತ್ತ ಪುಲಿ. ಬೆಳಿಗ್ಗೆ ಬಕೆಟ್ಟಿನ ನೀರಿನ ಮೇಲೆ ಆಗಲೇ ತೆಳ್ಳಗೆ ಮಂಜು ಕಟ್ಟುತ್ತಿದೆ. ಡಾಕ್ಟರು ದಿನಾ ಕೇಳುತ್ತಾರೆ. ನಿಜ ಹೇಳಿದೆ, ಅಕ್ಕನ ಕೈಯಲ್ಲಿ ಈಗ ಏನೂ ಇಲ್ಲ ಅಂತ. ಹಾಗಾದರೆ ಹನುಮಯ್ಯನನ್ನೂ ಇನ್ನಿಬ್ಬರನ್ನೂ ಕೊನೆಯ ಲಾರಿಗೆ ಹತ್ತಿಸೋಣ ಅಂದಿದ್ದಾರೆ. ಅದೇ ಸರಿ ಅನ್ನಿಸುತ್ತದೆ. ಹನುಮಯ್ಯನಿಗೆ ಮಾತ್ರ ಬೇಜಾರು. ಕೆಳಗೆ ಕಳಿಸಿದರೆ ಕೆಲಸಕ್ಕೆ ಬಾರದವನು ಅಂತ ಮನೆಗೇ ಕಳಿಸುತ್ತಾರೆ ಎಂದು ಹೆದರಿದ್ದಾನೆ.

ಬಸು


ರಾಜಾಜಿನಗರ
೨೧ ಸೆಪ್ಟೆಂಬರ್ ೧೯೭೪

ಬಸು,

ನಿನ್ನ ಕಾಗದ ಇನ್ನೂ ಬಂದಿಲ್ಲ, ಸಿಟ್ಟಾಗಿದ್ದೀಯೇನೋ. ಆದರೆ ಇದನ್ನು ಬರೆಯದೆ ಇರಲಾರೆ. ಹಳೆಯ ಮಾದರಿ ರದ್ದಾಯಿತು!

ನಡೆದದ್ದು ಹೀಗೆ. ಮೊನ್ನೆ ಸೋಮಲಿಂಗಪ್ಪನವರು ಪಿಂಚಣಿಯ ಕಾಗದಕ್ಕೆ ರುಜು ಹಾಕಲು ನನ್ನ ಕಿಟಕಿಗೆ ಬಂದರು. ಹಾಕಿ ಪೆನ್ನು ಜೇಬಿಗಿಟ್ಟರು. ಆಮೇಲೆ "ಬಾರಮ್ಮ, ಹೋಗೋಕ್ ಮುಂಚೆ ಒಂದ್ಸಲ ಆ ಬೀರು ನೋಡೋಣ" ಎಂದರು. ಚೀಲ ತೆಗೆದು, ರಬ್ಬರನ್ನು ಬಿಟ್ಟು ಅರಗನ್ನು ನೋಡಿದರು. ರಬ್ಬರು ಹಳತಾದರೆ ಏನು ಮಾಡಬೇಕೆಂದು ನಮ್ಮಲ್ಲಿ ನಿಯಮವಿಲ್ಲ. ಅರಗು ಒಡೆದಿದ್ದರೆ ಇದೆ. ಒಡೆದ ಮೊಹರಿನ ಮಾದರಿ ಮಾದರಿಯೇ ಅಲ್ಲ. ಅರಗು ಒಡೆದಿತ್ತು. ಮೊದಲೇ ಒಡೆದಿತ್ತೋ ಅವರ ಹೆಬ್ಬೆರಳಿಗೆ ಒಡೆಯಿತೋ, ನಾನು ಆ ಕಡೆ ನೋಡುತ್ತಿರಲಿಲ್ಲ.

ಮೇಲಿನಿಂದ ಇವತ್ತು ಅಪ್ಪಣೆ ಬಂತು, ಹೊಸ ಮಾದರಿಗೆ ಮೊಹರು ಹಾಕಿ, ಚಳಿಗಾಲದ ಸರಕು ಹೊಸ ಮಾದರಿಯಂತೆಯೇ ಹೋಗಲಿ ಅಂತ. ಸಂಜೆ ಬಸ್ಸು ತಪ್ಪಿಸಿಕೊಂಡು ಉಗ್ರಪ್ಪನ ಹತ್ತಿರ ಓಡಿದೆ. ಮೆತ್ತಗಿರೋದು ಮಾಡಿಕೊಡಿ ಅಂದೆ. "ಅಚ್ಚು ಇದೆ ಅಮ್ಮಾವ್ರೇ, ನಾಳೇನೇ ಹೊಡೀತೀನಿ" ಅಂದ. ಅವನ ಮುಖದಲ್ಲೂ ಒಂದು ಕಳೆ ಬಂದಿತ್ತು. ಒಳ್ಳೆಯದು ಮಾಡಲು ಬರುವವನಿಗೆ ಕೆಟ್ಟದ್ದು ಮಾಡಿ ಮಾಡಿ ಬೇಜಾರಾಗಿರುತ್ತದೆ ಅನ್ನಿಸಿತು.

ಡಾಕ್ಟರಿಗೆ ಹೇಳು. ಹನುಮಯ್ಯನಿಗೂ ಹೇಳು. ನಾನು ಪಿಂಚಣಿ ವಿಭಾಗದಲ್ಲಿ ಕೂತೇ ಈ ಕೆಲಸ ಮಾಡಿದೆ ಅಂತ ಸ್ವಲ್ಪ ಜಂಬವಾಗಿಯೇ ಹೇಳು. ಅವ್ವ ಶಾವಿಗೆ ಪಾಯಸ ಮಾಡಿದ್ದಾಳೆ, ಯಾಕೆ ಅಂತ ಅವಳಿಗೆ ಗೊತ್ತಿಲ್ಲ, ನಾನು ನಗುತ್ತಿರುವುದನ್ನು ನೋಡಿ ಮಾಡಿದ್ದು.

ಅಕ್ಕ


ರಾಜಾಜಿನಗರ
೭ ಅಕ್ಟೋಬರ್ ೧೯೭೪

ಬಸು,

ಹಿಂದಿನ ಕಾಗದದಲ್ಲಿ ಬರೆದದ್ದನ್ನು ಯಾರಿಗೂ ಹೇಳಬೇಡ. ಹೇಳಿದ್ದರೆ ಈಗಲೇ ಹೋಗಿ ಸುಳ್ಳು ಅಂತ ಹೇಳು. ಹನುಮಯ್ಯನನ್ನು ಕೆಳಗೆ ಕಳಿಸಿಬಿಡಿ. ಉಳಿದದ್ದನ್ನು ಆಮೇಲೆ ಓದು.

ಇವತ್ತು ಮೊಹರು ಹಾಕಿದರು. ಸೋಮಲಿಂಗಪ್ಪನವರು ಮೂವತ್ತನೇ ತಾರೀಖು ಹಾರ ಹಾಕಿಸಿಕೊಂಡು ಹೋದರು. ಹೊಸ ಮಾದರಿಯ ಸಮಿತಿಗೆ ಮೂವರು, ಒಬ್ಬ ಅಧಿಕಾರಿ, ತಪಾಸಣೆಯವರು, ಮರಿಯಪ್ಪ. ತರಬೇತಿ ಪಡೆದವರೊಬ್ಬರು ಎದುರಿಗಿರಬೇಕು ಎಂದು ಹೊಸದಾಗಿ ಸುತ್ತೋಲೆ ಬಂದಿದೆ, ಪಡೆದವರ ಪೈಕಿ ಈಗ ಆಫೀಸಿನಲ್ಲಿ ಉಳಿದಿರುವವಳು ನಾನೊಬ್ಬಳೇ, ಅದಕ್ಕೆ ಪಿಂಚಣಿ ವಿಭಾಗದಿಂದ ನನ್ನನ್ನು ಕರೆಸಿದರು. ಕರೆದಾಗ ಎಷ್ಟು ಖುಷಿಯಾಯಿತು ಗೊತ್ತೇ. ಹೊಸ ಸೀರೆ ಉಟ್ಟು ಹೋಗಿದ್ದೆ.

ಉಗ್ರಪ್ಪ ಪೇಪರಿನಲ್ಲಿ ಸುತ್ತಿ ಚೀಲ ತಂದಿದ್ದ. ಬಿಚ್ಚಿ ಮೇಜಿನ ಮೇಲಿಟ್ಟ. ಬಸು, ಕೈಯಲ್ಲಿ ಹಿಡಿದರೆ ಜಾರುವಷ್ಟು ಮೃದು. ನಾಲ್ಕು ಮಡಿಕೆ ಮಡಚಿದೆ, ಒಂದು ಗೆರೆ ಬೀಳಲಿಲ್ಲ.

ಅಧಿಕಾರಿ ಕೇಳಿದರು, "ಇದನ್ನ ಯಾರು ಪಾಸ್ ಮಾಡಿದಾರೆ?"

"ಯಾರೂ ಇಲ್ಲ ಸಾರ್, ಈಗ ತಾನೇ ಮಾಡಿದ್ದು," ಎಂದ ಉಗ್ರಪ್ಪ.

"ಪಾಸ್ ಆಗ್ದಿರೋ ಸಾಮಾನು ಹೆಂಗ್ರೀ ಮಾದರಿ ಆಗುತ್ತೆ?"

ಮರಿಯಪ್ಪ ನಿಯಮದ ಪುಸ್ತಕ ತೆಗೆದ. ಹೊಸ ಮಾದರಿಯನ್ನು ಈಚೆಗೆ ತಪಾಸಣೆಯಲ್ಲಿ ಒಪ್ಪಿಗೆಯಾದ ಸರಕಿನಿಂದಲೇ ತೆಗೆಯಬೇಕು. ಈಚೆಗೆ ಒಪ್ಪಿಗೆಯಾದದ್ದು ಅಂದರೆ ಗೋದಾಮಿನಲ್ಲಿರುವ, ಚಾಕ್ ಪುಡಿಯ, ಹಳೆಯ ಮಾದರಿಗೆ ಸರಿಹೊಂದಿದ ಚೀಲ. ಜವಾನ ಹೋಗಿ ಒಂದು ತಂದ.

ನಾನು ಹೇಳಿದೆ. ತರಬೇತಿಯಲ್ಲಿ ಕಲಿತದ್ದನ್ನೆಲ್ಲ ಹೇಳಿದೆ, ಹನುಮಯ್ಯನ ತೊಡೆಯನ್ನೂ ಹೇಳಿದೆ, ಅವನನ್ನು ನೋಡಿಕೊಂಡವನು ನನ್ನ ತಮ್ಮ ಅಂತಲೂ ಹೇಳಿಬಿಟ್ಟೆ. ಅಧಿಕಾರಿ ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಲ್ಲ. "ನೀವು ಹೇಳೋದು ಸರಿ ಇದೆಯಮ್ಮ. ಆದ್ರೆ ಆ ವರದೀಲಿ ಚೀಲದ್ದು ತಪ್ಪಿಲ್ಲ ಅಂತಿದೆ. ನಿಮ್ಮ ತಮ್ಮನೇ ಬರ್ದಿರೋದು." ನನ್ನ ಅಭಿಪ್ರಾಯವನ್ನಾದರೂ ಬರೆಯುತ್ತೇನೆ ಎಂದೆ. ಪಿಂಚಣಿ ವಿಭಾಗದವರು ಸಾಕ್ಷಿ ಮಾತ್ರ, ಅಭಿಪ್ರಾಯ ಬರೆಯುವಂತಿಲ್ಲವಂತೆ. ಮರಿಯಪ್ಪ ಮೆಲ್ಲಗೆ "ರೂಲು ಹಂಗಿದೆ ಮೇಡಂ, ನಂದೇನಿಲ್ಲ" ಅಂದ. ಅವನ ಕಣ್ಣು ಒದ್ದೆಯಾಗಿತ್ತು, ಅದರಿಂದ ಏನಾಗಬೇಕು.

ಅರಗು ಕರಗಿಸಿದರು. ಸುತ್ತೋಲೆಯ ಪ್ರಕಾರ ಮುದ್ರೆ ಒತ್ತಬೇಕಾದವಳು ತರಬೇತಿ ಪಡೆದ ನಾನೇ. ಒತ್ತುವುದಿಲ್ಲ ಅಂದೆ. "ನೀವು ಒತ್ತದಿದ್ರೆ ನಾಳೆ ಇನ್ನೊಬ್ರನ್ನ ತರಬೇತಿಗೆ ಕಳಿಸ್ಬೇಕು, ಅಲ್ಲಿವರೆಗೂ ಸರಕೇ ಹೋಗಲ್ಲ. ಆಗ ಅವರಿಗೆ ಯಾವ ಚೀಲಾನೂ ಇಲ್ಲ" ಎಂದರು. ಒಡೆಯುವ ಚೀಲವೋ, ಏನೂ ಇಲ್ಲವೋ. ನಾನು ಒತ್ತಿದೆ ಬಸು. ಹೊಸ ಮಾದರಿಯ ಸರಕು ಮಾಡಿಸುವ ಕೆಲಸವೂ ತಪ್ಪಿತು, ಗೋದಾಮಿನಲ್ಲಿದ್ದದ್ದೆಲ್ಲ ಸರಿಹೊಂದುತ್ತದಲ್ಲ. ಮಧ್ಯಾಹ್ನವೇ ಲಾರಿಗೆ ಹೇರಿದರು.

ಉಗ್ರಪ್ಪ ತನ್ನ ಚೀಲವನ್ನು ಅಲ್ಲೇ ಬಿಟ್ಟು ಹೋದ. ನಾನು ಮನೆಗೆ ತಂದೆ. ಅವ್ವ ಮಂಡಿಗೆ ಇಟ್ಟುಕೊಂಡು ಮಲಗಿದ್ದಾಳೆ, ಬಹಳ ಹಿತವಾಗಿದೆ, ಇಂಥದ್ದು ಎಲ್ಲಿ ಸಿಕ್ತೇ ಅನ್ನುತ್ತಾಳೆ. ಅವಳ ಎದುರು ಅಳಲೂ ಆಗುತ್ತಿಲ್ಲ.

ತಂತಿ ಕೊಡೋಣವೆಂದು ಭಾಷ್ಯಂ ಸರ್ಕಲ್ಲಿನ ಹತ್ತಿರದ ಅಂಚೆ ಕಚೇರಿಗೆ ಹೋಗಿದ್ದೆ. ಕೊಟ್ಟೆ. ಸೇನಾ ವಿಳಾಸಕ್ಕೆ ಅದೂ ಕಾಗದದ ಜೊತೆಗೇ ಹೋಗುವುದು, ಬೇಗ ಅಂತ ಹೇಳಲಾಗದು ಎಂದರು. ಯಾವುದು ಮೊದಲು ಸಿಕ್ಕಿದರೂ ಸರಿ, ಕೊನೆಯ ಲಾರಿ ಹೊರಡುವುದರೊಳಗೆ ಸಿಕ್ಕಲಿ. ಹನುಮಯ್ಯನನ್ನು ಮನೆಗೆ ಕಳಿಸಿದರೆ ಕಳಿಸಲಿ, ಅವನಿಗೆ ಮನೆ ಅಂತ ಇದೆಯಲ್ಲ.

ಅಕ್ಕ


ಸೇನಾ ಅಂಚೆ
೯ ಅಕ್ಟೋಬರ್ ೧೯೭೪

ಅಕ್ಕಾ,

ಇಪ್ಪತ್ತೊಂದನೆಯ ತಾರೀಖಿನ ನಿನ್ನ ಕಾಗದ ಮೂರು ದಿನದ ಹಿಂದೆ ಕೊನೆಯ ಟಪಾಲಿನಲ್ಲಿ ಬಂತು. ನಾನು ಓದಿ, ಹನುಮಯ್ಯನಿಗೆ ಓದಲು ಕೊಟ್ಟು, ಡಾಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ, ಡಿಪೋಗೆ ವೈರ್‌ಲೆಸ್ಸಿನಲ್ಲಿ ಕೇಳಿಸಿದರು. ನಿನ್ನೆ ಬೆಳಿಗ್ಗೆ ಉತ್ತರ ಬಂತು. ಹಳೆಯ ಮಾದರಿ ರದ್ದು, ಹೊಸ ಮಾದರಿಗೆ ಮೊಹರು ಬಿದ್ದಿದೆ, ಸರಕು ಬೆಂಗಳೂರು ಬಿಟ್ಟಿದೆ, ನವೆಂಬರಿನಲ್ಲಿ ವಿಮಾನದಿಂದ ಹಾಕುತ್ತಾರೆ ಅಂತ. ಡಾಕ್ಟರು ನನ್ನ ಕೈ ಕುಲುಕಿದರು ಅಕ್ಕ. ಕೆಂಪು ಶಾಯಿಯ ವಿಷಯವನ್ನು ಮೇಲಕ್ಕೆ ಬರೆಯುತ್ತೇನೆ ಅಂದರು.

ಲಾರಿಗಳು ನಿನ್ನೆ ಮಧ್ಯಾಹ್ನ ಹೊರಟವು. ಹನುಮಯ್ಯ ಹಾಸಿಗೆ ಸುತ್ತಿಕೊಂಡು ಹತ್ತಿ ಕೂತಿದ್ದ. ಮುಖ ಸಣ್ಣದು ಮಾಡಿಕೊಂಡಿದ್ದ. ನಾನೇ ಹೋಗಿ, "ಇಳಿಯೋ ಮಾರಾಯ, ನಮ್ಮಕ್ಕ ಚೀಲ ಕಳಿಸಿದ್ದಾಳೆ" ಎಂದೆ. ಹಾಸಿಗೆ ಮೊದಲು ಎಸೆದು ಆಮೇಲೆ ತಾನು ಹಾರಿದ. ಇನ್ನಿಬ್ಬರೂ ಇಳಿದರು.

ರಾತ್ರಿಯಿಂದ ಬಿಡದೆ ಹಿಮ ಬೀಳುತ್ತಿದೆ. ಈ ವರ್ಷ ಬೇಗ ಬಂತು ಅಂತ ಇಲ್ಲಿನವರು ಹೇಳುತ್ತಾರೆ. ಬೆಳಿಗ್ಗೆ ನೋಡಿದರೆ ಕಣಿವೆ ದಾರಿ ಕಾಣುವುದಿಲ್ಲ, ಎಲ್ಲ ಬೆಳ್ಳಗೆ. ಇನ್ನು ಏಪ್ರಿಲ್‌ವರೆಗೆ ಕಾಗದ ಬರುವುದಿಲ್ಲ, ಹೋಗುವುದಿಲ್ಲ. ಇದನ್ನು ನಡೆದು ಇಳಿಯುವ ಗಸ್ತಿನವರ ಕೈಯಲ್ಲಿ ಕೊಡುತ್ತಿದ್ದೇನೆ, ದಾಟಿದರೆ ನಿನಗೆ ಸಿಗುತ್ತದೆ.

ಹನುಮಯ್ಯನಿಗೆ ಇವತ್ತು ಸ್ವಲ್ಪ ಕೆಮ್ಮು. ಹೆದರುವಂಥದ್ದೇನಿಲ್ಲ. ನಿನಗೆ ನಮಸ್ಕಾರ ತಿಳಿಸು ಅಂತ ಪಕ್ಕದಲ್ಲೇ ಕೂತಿದ್ದಾನೆ. ಅವನ ಮನೆಗೆ ಒಂದು ಕಾರ್ಡು ಬರೆಯಬೇಕಂತೆ ನೀನು, ಈ ಚಳಿಗಾಲ ತಾನು ಮೇಲೆಯೇ ಇರುತ್ತೇನೆ, ಜಗದಾಂಬಕ್ಕ ಎಲ್ಲ ವ್ಯವಸ್ಥೆ ಮಾಡಿದ್ದಾರೆ, ಯೋಚನೆ ಮಾಡಬೇಡಿ ಎಂದು. ವಿಳಾಸ ಹಿಂದೆ ಬರೆದಿದ್ದಾನೆ.

ಬಸು